ಡಿಸ್ಕ್ ತುಂಬಿದೆ, ಲೈನ್ ಹಾಳಾಗಿದೆ

ಸುಳ್ಯದಲ್ಲಿ ರಬ್ಬರ್ ಶೀಟಿನ ವ್ಯಾಪಾರ ಮಾಡುತ್ತಿದ್ದ ಹಾಜಿಯವರು ಎಂಬತ್ತರ ದಶಕದ ಕೊನೆಗೆ ಅಂಗಡಿಗೆ ಒಂದು ಕಂಪ್ಯೂಟರ್ ತರಿಸಿದರು. ಅದನ್ನು ನೋಡಿಕೊಳ್ಳಲು ಮೊದಲು ಬಂದವನು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದಿಟ್ಟು, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತೆಂದು ಹೊರಟುಹೋದ. ಅವನ ಕುರ್ಚಿಗೆ ನಾನು ಬಂದೆ. ಮಂಗಳೂರಿನಲ್ಲಿ ಕೋರ್ಸು ಮುಗಿಸಿ ಬಂದ ನನಗೆ ಸಿಕ್ಕಿದ್ದು ಅಂಗಡಿಯ ಹಿಂದಿನ ಕೋಣೆ, ಹಸಿರು ಅಕ್ಷರದ ಒಂದು ಪರದೆ, ಮತ್ತೆ ಹೊಗೆ ಹಾಕಿದ ರಬ್ಬರ್ ಶೀಟಿನ ವಾಸನೆ. ಆ ವಾಸನೆ ಕೂದಲಿಗೆ ಹತ್ತಿತೆಂದರೆ ಸೀಗೆಪುಡಿಗೂ ಜಗ್ಗುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಒಂಟಿತನ ಎಂದರೇನೆಂದು ನನಗೆ ಗೊತ್ತಾದದ್ದು ಆ ಊರಿನಲ್ಲಿ. ದರ್ಜಿ ಅಂಗಡಿಯ ಮೇಲೆ ಬಾಡಿಗೆಗೆ ಒಂದು ಕೋಣೆ. ಒಬ್ಬಳಿಗೆ ಎಂದು ಗಂಜಿ ಬೇಯಿಸಲು ನನಗೆ ಬರಲೇ ಇಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಇಬ್ಬರಿಗೆ ಆಗುವಷ್ಟು ಆಗುತ್ತಿತ್ತು. ಭಾನುವಾರ ಸುಬ್ರಹ್ಮಣ್ಯದ ಬಸ್ಸು ಹತ್ತಿ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಭಕ್ತಿ ಎಂದು ಯಾರೂ ತಿಳಿಯಬೇಡಿ. ಆ ಬಸ್ಸಿನಲ್ಲಿ ಯಾರಾದರೂ ಒಬ್ಬರು "ಎಲ್ಲಿಯವರು ನೀವು? ಯಾರ ಪೈಕಿ?" ಎಂದು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳಲಿ ಎಂದೇ ಹೋಗುತ್ತಿದ್ದೆ.

ಆದರೆ ಯಾರ ಪೈಕಿ ಎಂಬುದೇ ಹೇಳಲು ಕಷ್ಟ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಕಡಬದಲ್ಲಿ ಬಾವನದು ದಿನಸಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಬಾವನ ತಮ್ಮನಿಗೆ ನನ್ನನ್ನು ಕೊಡುವುದೆಂದು ಅವರವರೇ ಮಾತಾಡಿಕೊಂಡರು. ನಾನು ಆಗುವುದಿಲ್ಲ ಎಂದೆ. ಅದು ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಬೆಳಗಾದರೆ ಆ ಮನೆಯವರಿಗೆ ಮುಖ ತೋರಿಸಬೇಕಾದವಳು ಅಕ್ಕ. "ಇನ್ನು ನೀನು ಇಲ್ಲಿಗೆ ಬರ್ಬೇಡ" ಎಂದು ಹೇಳಿ ಮಾತು ಬಿಟ್ಟಳು. ಆಮೇಲೆ ಒಮ್ಮೆ ತಡೆಯಲಾರದೆ ಹೋದೆ. ಬಾವ ತಕ್ಕಡಿಯ ಹಿಂದಿನಿಂದ ಏಳದೆಯೇ "ಅವಳು ಮನೆಯಲ್ಲಿ ಇಲ್ಲ" ಎಂದರು. ಒಳಗೆ ಅಕ್ಕ ಕೆಮ್ಮುವುದು ಕೇಳುತ್ತಿತ್ತು. ಚಿಕ್ಕಂದಿನಿಂದ ಅವಳ ಮಗ್ಗುಲಲ್ಲಿ ಮಲಗಿದವಳಿಗೆ ಅವಳ ಕೆಮ್ಮು ಗೊತ್ತಾಗದೇ? ರಸ್ತೆ ದಾಟಿ, ಬಂದ ದಾರಿಯ ಬಸ್ಸಿಗೆ ಕಾದು ನಿಂತೆ.

ಉಳಿದದ್ದು ಫೋನು. ಶುಕ್ರವಾರ ಮಧ್ಯಾಹ್ನ ಹಾಜಿಯವರು ಜುಮಾ ನಮಾಜಿಗೆ ಹೋದರೆ ಅರ್ಧ ಬಾಗಿಲು ಹಾಕಿದ ಅಂಗಡಿಯಲ್ಲಿ ನಾನೊಬ್ಬಳೇ. ಕಡಬದಲ್ಲಿ ಅದೇ ಹೊತ್ತಿಗೆ ಬಾವ ಉಂಡು ಸ್ವಲ್ಪ ಅಡ್ಡಾಗುತ್ತಾರೆ, ಅಂಗಡಿಯಲ್ಲಿ ಅಕ್ಕ ಕೂರುತ್ತಾಳೆ. "ಮನೆಯವರಿಗೆ ಫೋನ್ ಮಾಡುದಿದ್ರೆ ಮಾಡಿ ಮೇಡಂ, ಸಂಕೋಚ ಬೇಡ" ಎಂದು ಹಾಜಿಯವರೇ ಹೇಳಿದ್ದರು. ಆಗೆಲ್ಲ ಬೇರೆ ಊರಿಗೆ ಮಾತಾಡಬೇಕಿದ್ದರೆ ಆಪರೇಟರಿಗೆ ನಂಬರ್ ಹೇಳಿ ಕಾಯಬೇಕು. ಅವರು ಮೊದಲು ಆ ಕಡೆಯವರೊಡನೆ ಮಾತಾಡಿ, ಆಮೇಲೆ ನಮ್ಮನ್ನು ಸೇರಿಸುತ್ತಾರೆ. ಮೂರು ನಿಮಿಷ ಆದರೆ ನಡುವೆ ಬಂದು ಕೇಳಿ, ಇನ್ನೂ ಬೇಕೆಂದರೆ ಮಾತ್ರ ಮುಂದುವರಿಸುತ್ತಾರೆ. ಶುಕ್ರವಾರದ ಆಪರೇಟರ್ ಒಬ್ಬ ಹೆಂಗಸು. ಮುಖ ನೋಡಿದವಳಲ್ಲ, ಸ್ವರ ಮಾತ್ರ ಗೊತ್ತು. ಸ್ವಲ್ಪ ಹೊತ್ತು ಬಿಟ್ಟು ಅವರು ರಿಂಗ್ ಮಾಡಿ ಹೇಳುತ್ತಿದ್ದರು: "ಲೈನ್ ಹಾಳಾಗಿ ಉಂಟಮ್ಮ. ಸಿಕ್ಕುದಿಲ್ಲ."

ಮಳೆಗಾಲ. ಎಲ್ಲೋ ಮರ ಬಿದ್ದು ತಂತಿ ಕಡಿದಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದರಿಂದ ನನಗೆ ಸಮಾಧಾನವೇ ಆಗುತ್ತಿತ್ತು. ಅಕ್ಕ ನನ್ನನ್ನು ಬೇಡ ಎಂದದ್ದಲ್ಲವಲ್ಲ, ತಂತಿಯ ತಪ್ಪು. ಮಳೆ ಬಿಟ್ಟಿತು, ದೀಪಾವಳಿ ಕಳೆಯಿತು, ಲೈನು ಸರಿಯಾಗಲಿಲ್ಲ. ನಾನು ಕಾಲ್ ಬುಕ್ ಮಾಡುವುದನ್ನು ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಾಜಿಯವರು ಕಂಪ್ಯೂಟರಿನ ಮುಂದಿನಿಂದ ಕೂಗಿದರು. "ಮೇಡಂ, ಇದು ಪುನಾ ಡಿಸ್ಕ್ ತುಂಬಿದೆ ಹೇಳ್ತದೆ. ಎಂತ ಮಾರಾಯ್ರೆ, ಎಷ್ಟು ಖಾಲಿ ಮಾಡಿದ್ರೂ ಇದಕ್ಕೆ ಹೊಟ್ಟೆ ಉಬ್ಬರ!"

ಆ ಪ್ರೋಗ್ರಾಮಿನ ಕೆಲಸ ದೊಡ್ಡದೇನಲ್ಲ. ವಾರದಲ್ಲಿ ಬಂದ ಶೀಟುಗಳ ಲೆಕ್ಕವನ್ನು ದರ್ಜೆಯ ಪ್ರಕಾರ ವಿಂಗಡಿಸಿ ಪ್ರಿಂಟ್ ಮಾಡಬೇಕು. ವಿಂಗಡಿಸುವಷ್ಟು ಹೊತ್ತು ಅದಕ್ಕೊಂದು ತಾತ್ಕಾಲಿಕ ಫೈಲು ಬೇಕು. ಮದುವೆಯ ಚಪ್ಪರದ ಹಾಗೆ, ಕೆಲಸ ಮುಗಿದ ಮೇಲೆ ಬಿಚ್ಚಿ ಹಾಕುವಂಥದ್ದು. ಆ ಫೈಲನ್ನು ಮಾಡಲು ಆಗದಿದ್ದರೆ ಪರದೆಯ ಮೇಲೆ "ಡಿಸ್ಕ್ ತುಂಬಿದೆ" ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾನು ನೋಡಿದರೆ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ.

"ನೀವು ಎಂತೆಲ್ಲ ತೆಗೆದ್ರಿ?" ಎಂದು ಕೇಳಿದೆ.

"ಬೇಡದ್ದು ಮಾತ್ರ. ತುಂಬಿದೆ ಅಂತ ಅದೇ ಹೇಳಿತಲ್ಲ, ಹಾಗೆ ಹಳೇ ಕಾಗದಪತ್ರ ಎಲ್ಲ ತೆಗೆದೆ. ಮತ್ತೆ ಟೆಂಪ್ ಅಂತ ಒಂದು ಡೈರೆಕ್ಟರಿ ಇತ್ತು. ಒಳಗೆ ನೋಡಿದ್ರೆ ಎಂತದೂ ಇಲ್ಲ. ಅದನ್ನು ಸಹ ತೆಗೆದೆ."

ನಾನು ಹಣೆ ಚಚ್ಚಿಕೊಂಡೆ. ತಾತ್ಕಾಲಿಕ ಫೈಲು ಹುಟ್ಟಬೇಕಾದ ಜಾಗವೇ ಆ ಟೆಂಪ್. ಕೆಲಸ ಮುಗಿದ ಕೂಡಲೇ ಫೈಲನ್ನು ಅಳಿಸುವುದರಿಂದ ಅದು ಯಾವಾಗಲೂ ಖಾಲಿಯೇ ಇರುತ್ತದೆ. ಮೊದಲ ಸಲ ಡಿಸ್ಕ್ ನಿಜಕ್ಕೂ ತುಂಬಿತ್ತು. ಹಾಜಿಯವರು ಖಾಲಿ ಮಾಡುವ ಭರದಲ್ಲಿ ಚಪ್ಪರ ಹಾಕುವ ಅಂಗಳವನ್ನೇ ತೆಗೆದಿದ್ದರು. ಈಗ ಕಾರಣ ಬೇರೆ, ಆದರೆ ಪ್ರೋಗ್ರಾಮು ಹೇಳುವುದು ಹಳೆಯದನ್ನೇ. ಬರೆದವನು ಫೈಲು ಯಾಕೆ ಆಗಲಿಲ್ಲ ಎಂದು ಯಂತ್ರವನ್ನು ಕೇಳಿಯೇ ಇರಲಿಲ್ಲ. ಡಿಸ್ಕ್ ತುಂಬಿರಬಹುದು ಎಂದು ತಾನೇ ಊಹಿಸಿ, ಎಲ್ಲಕ್ಕೂ ಸೇರಿ ಒಂದೇ ಸಾಲು ಬರೆದಿಟ್ಟಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದೇ ಕಥೆ. ನನಗೆ ಸಿಟ್ಟು ನೆತ್ತಿಗೇರಿತು. ಅವನ ವಂಶವನ್ನೆಲ್ಲ ತುಳುವಿನಲ್ಲಿ ಮೆಲ್ಲಗೆ ಬೈದೆ. ಹಾಜಿಯವರಿಗೆ ನನಗಿಂತ ಚೆಂದ ತುಳು ಬರುತ್ತದೆ ಎಂಬುದು ಆ ಕ್ಷಣಕ್ಕೆ ಮರೆತಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲದ ಕಾರಣವನ್ನು ಗೊತ್ತಿದ್ದವರ ಧಾಟಿಯಲ್ಲಿ ಹೇಳಿದರೆ ಕೇಳಿದವರು ಪಾಪ, ಅದನ್ನು ನಂಬಿ ಇನ್ನಷ್ಟು ಹಾಳು ಮಾಡಿಕೊಳ್ಳುತ್ತಾರೆ.

ಅಂದೇ ಅದನ್ನು ತಿದ್ದಲು ಕೂತೆ. ಸಿ ಭಾಷೆಯಲ್ಲಿ ಒಂದು ಕೆಲಸ ಕೆಟ್ಟರೆ ಯಾಕೆ ಕೆಟ್ಟಿತೆಂಬುದು ಒಂದು ಅಂಕಿಯಾಗಿ ಒಂದು ಕಡೆ ಕೂತಿರುತ್ತದೆ. ಅದನ್ನು ಕೂಡಲೇ ಓದಿಕೊಳ್ಳಬೇಕು. ನಾನು ಮೊದಲು ಬೇರೊಂದು ಫೈಲನ್ನು ಮುಚ್ಚಲು ಹೋಗಿ, ಆಮೇಲೆ ಓದಿದೆ. ಅಷ್ಟರಲ್ಲಿ ಅಲ್ಲಿ ಇನ್ನೊಂದು ಕಾರಣ ಬಂದು ಕೂತಿತ್ತು. ಕೇಳುವುದಿದ್ದರೆ ಕೆಟ್ಟ ಕ್ಷಣದಲ್ಲೇ ಕೇಳಬೇಕು, ತಡವಾದರೆ ಸಿಗುವುದು ಬೇರೆ ಯಾವುದರದೋ ಉತ್ತರ. ಅದನ್ನು ಸರಿ ಮಾಡಿ, ಟೆಂಪ್ ಡೈರೆಕ್ಟರಿಯನ್ನು ಬೇಕೆಂದೇ ಮಾಡದೆ, ಪ್ರೋಗ್ರಾಮು ಓಡಿಸಿದೆ. ಪರದೆಯ ಮೇಲೆ ಬಂತು: ತಾತ್ಕಾಲಿಕ ಫೈಲು ಮಾಡಲು ಆಗಲಿಲ್ಲ, ಇಂಥ ಜಾಗದಲ್ಲಿ ಇಂಥ ಹೆಸರಿನದು, ಕಾರಣ: ಆ ಡೈರೆಕ್ಟರಿ ಇಲ್ಲ.

ಹಾಜಿಯವರು ಕನ್ನಡಕ ಏರಿಸಿ ಒಂದೊಂದೇ ಪದ ಓದಿದರು. "ಹೋ, ಹೀಗೆ ಹೇಳಿದ್ರೆ ಗೊತ್ತಾಗ್ತದೆ. ಇಷ್ಟು ದಿನ ನನ್ನನ್ನು ಮಂಗ ಮಾಡಿತಲ್ಲ!" ಎಂದು ಸಂತೋಷದಿಂದ ಎದ್ದು ಹೋಗಿ ಯಾರಿಗೋ ಫೋನ್ ಮಾಡಿದರು. ಜೋರಾಗಿ ಮಾತಾಡುವುದು ಅವರ ಅಭ್ಯಾಸ. ಮಾತು ಮುಗಿಸಿ ಬಂದವರನ್ನು ಎಲ್ಲಿಗೆ ಎಂದು ಸುಮ್ಮನೆ ಕೇಳಿದೆ.

"ಕಡಬಕ್ಕೆ, ನಮಗೆ ಶೀಟು ಕೊಡುವ ಒಂದು ಪಾರ್ಟಿಗೆ."

"ಲೈನ್ ಸಿಕ್ಕಿತಾ?"

"ಸಿಕ್ಕದೆ ಎಂತ? ಯಾವಾಗಲೂ ಸಿಕ್ತದೆ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ."

ನಾನು ಮತ್ತೆ ಪರದೆಯ ಕಡೆ ತಿರುಗಿದೆ. ಮಳೆಗೂ ಅದೇ ಮಾತು, ಬಿಸಿಲಿಗೂ ಅದೇ ಮಾತು. ಕಾರಣ ಯಾವುದೇ ಇರಲಿ, ಸಾಲು ಒಂದೇ. ಇದನ್ನು ಬೆಳಿಗ್ಗೆ ತಾನೇ ಬೈದು ತಿದ್ದಿದವಳು ನಾನು.

ಆ ಶುಕ್ರವಾರ ಆಪರೇಟರ್ ರಿಂಗ್ ಮಾಡಿ "ಲೈನ್ ಹಾಳಾಗಿ ಉಂಟಮ್ಮ" ಎಂದ ಕೂಡಲೇ ಕೇಳಿದೆ. ಮತ್ತೆ ಕೇಳುತ್ತೇನೆ ಎಂದು ಇಟ್ಟರೆ ನನಗೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು.

"ಲೈನ್ ಹಾಳಾಗ್ಲಿಲ್ಲ. ಆ ಕಡೆಯವರು ಎಂತ ಹೇಳಿದ್ರು? ಇದ್ದದ್ದು ಇದ್ದ ಹಾಗೆ ಹೇಳಿ."

ಅವರು ದನಿ ತಗ್ಗಿಸಿ ಹೇಳಿದರು. "ಮಾತಾಡುದಿಲ್ಲ ಅಂತ ಹೇಳಿದ್ರಮ್ಮ. ಮೊದಲ ಸಲದಿಂದಲೂ ಹಾಗೆಯೇ. 'ನಾನು ಮಾತಾಡುದಿಲ್ಲ ಅಂತ ಅವಳಿಗೆ ಹೇಳ್ಬೇಡಿ, ಬೇಜಾರು ಮಾಡ್ತಾಳೆ, ಲೈನ್ ಹಾಳು ಅಂತ ಹೇಳಿ' ಅಂತ ನಿಮ್ಮ ಅಕ್ಕನೇ ಹೇಳಿ ಕೊಟ್ಟದ್ದು."

ಫೋನ್ ಇಡಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮುಂದುವರಿಸಿದರು.

"ಮತ್ತೆ ಪ್ರತಿ ಸಲ ಒಂದು ಕೇಳ್ತಾರೆ. ಅವಳ ಸ್ವರ ಹೇಗುಂಟು, ಶೀತ ಗೀತ ಉಂಟಾ ಅಂತ. ಚೆನ್ನಾಗಿ ಉಂಟು ಅಂತ ಹೇಳ್ತೇನೆ. ಮತ್ತೆ ಇಡ್ತಾರೆ."

ಇಷ್ಟು ತಿಂಗಳು ನಾನು ಒಂದು ಸುಳ್ಳನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ನಿಜ ಅದಕ್ಕಿಂತ ಕಹಿಯಾಗಿತ್ತು. ಆ ಕಹಿಯ ಒಳಗೇ ನನಗೆ ಬೇಕಾದದ್ದೂ ಇತ್ತು, ಅದೂ ನನಗೆ ಬಂದು ಮುಟ್ಟಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಆಪರೇಟರ್ ಲೈನು ಕಡಿಯಲಿಲ್ಲ.

"ಬರುವ ಶುಕ್ರವಾರ ಕೇಳಿದ್ರೆ," ಎಂದೆ, "ಸ್ವರ ಹೇಗುಂಟು ಅಂತ ಅವಳೇ ಕಿವಿ ಕೊಟ್ಟು ಕೇಳಿ ನೋಡ್ಲಿ ಅಂತ ಹೇಳಿ. ಅವಳು ಮಾತಾಡುದು ಬೇಡ."

ಮುಂದಿನ ಶುಕ್ರವಾರ ಫೋನು ಬಡಿದಾಗ ಆಪರೇಟರ್ ಹೇಳಿದ್ದು ಒಂದೇ ಮಾತು. "ಇದ್ದಾರೆ. ಮಾತಾಡಿ."

ಇಷ್ಟು ದಿನ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಆಡಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅಕ್ಕ" ಎಂದೆ. ಆ ಕಡೆ ತಕ್ಕಡಿಯ ತಟ್ಟೆ ಕಲ್ಲಿಗೆ ತಾಗಿದ ಸದ್ದು ಕೇಳಿತು. ಯಾರೋ ಬೆಲ್ಲ ಕೇಳಿದರು, ಅವರಿಗೂ ಅವಳು ಉತ್ತರ ಕೊಡಲಿಲ್ಲ. ಒಮ್ಮೆ ಕೆಮ್ಮಿದಳು. ಅದೇ ಕೆಮ್ಮು. ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ನನ್ನ ಉಸಿರು ಅವಳಿಗೆ ಕೇಳುತ್ತಿದ್ದಿರಬೇಕು.

ನಡುವೆ ಆಪರೇಟರಿನ ಸ್ವರ ಬಂತು. "ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?"

ಕಾಲ್ ಮಾಡಿದವಳು ನಾನು, ಹೇಳಬೇಕಾದವಳೂ ನಾನೇ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಅಕ್ಕ ಹೇಳಿದಳು:

"ಮಾಡಿ."