ಐಸ್ ಯಂತ್ರದ ಗಂಟಲು ಕಾಯುವ ಲಮಿಯತ್

ಇನ್ನೂ ಪೂರ್ತಿ ಬೆಳಕಾಗಿಲ್ಲ. ಥಾಯ್ ನಾಡಿನ ರನೋಂಗ್ ಬಂದರಿನ ಐಸ್ ಕಾರ್ಖಾನೆಯಲ್ಲಿ ಅರೆಯುವ ಯಂತ್ರ ಎರಡು ಸಲ ಕೆಮ್ಮಿ, ಏದುಸಿರು ಬಿಡತೊಡಗಿದೆ. ಅದರ ಗಂಟಲಿಗೆ ಐಸಿನ ದಿಮ್ಮಿಯೊಂದು ಅಡ್ಡಡ್ಡ ಸಿಕ್ಕಿಕೊಂಡಿದೆ. ನೆಲ ತೊಳೆಯುತ್ತಿದ್ದ ಲಮಿಯತ್ ನೀರಿನ ಪೈಪನ್ನು ಅಲ್ಲೇ ಬಿಸಾಡಿ ಗೋಡೆಯ ಸ್ವಿಚ್ಚಿನತ್ತ ಓಡುತ್ತಾರೆ. ವಯಸ್ಸು ಅರವತ್ತರ ಹತ್ತಿರ, ಮೊಣಕಾಲು ನೋವು ಬೇರೆ. ಆದರೂ ಈ ಓಟದಲ್ಲಿ ಅವರನ್ನು ಹಿಂದೆ ಹಾಕುವವರು ಈ ಕಾರ್ಖಾನೆಯಲ್ಲಿಲ್ಲ.

ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆಯುತ್ತಾರೆ. ಪಕ್ಕದ ಪೆಟ್ಟಿಗೆಯೊಳಗೆ ಕೈ ಹಾಕಿ ಏನೋ ಕಿತ್ತುಕೊಳ್ಳುತ್ತಾರೆ. ಹೆಗಲ ಮೇಲಿನ ಕೆಂಪು, ಹಳದಿ, ಹಸಿರು ಬಟ್ಟೆಪಟ್ಟಿಗಳನ್ನು ಇಳಿಸಿ ಹಿಡಿಗೆ ಸುತ್ತಿ ಬಿಗಿಯುತ್ತಾರೆ. ಆಮೇಲೆ, ಗಂಟಲಿಗೆ ಇಳಿಯಲು ನಿಂತಿರುವ ಟುನ್ ಲಿನ್‌ನನ್ನು ಹತ್ತಿರ ಕರೆದು ಅವನ ಅಂಗಿಯ ಜೇಬಿಗೆ ಏನನ್ನೋ ತುರುಕಿ, ಗುಂಡಿ ಹಾಕಿ, ಮೇಲಿಂದ ಒಂದು ತಟ್ಟು ತಟ್ಟುತ್ತಾರೆ.

ಟುನ್ ಲಿನ್ ನದಿಯಾಚೆಯ ಬರ್ಮಾದವನು. ದಿಮ್ಮಿ ಎಳೆಯುವುದು ಅವನ ಕೆಲಸ, ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಹಾರೆ ಹಿಡಿದು ಸೊಂಟದವರೆಗೆ, ಆಮೇಲೆ ಎದೆಯವರೆಗೆ ಗಂಟಲಲ್ಲಿ ಇಳಿಯುತ್ತಾನೆ. ಅವನು ನಿಂತಿರುವ ದಿಮ್ಮಿಯ ಅಡಿಗೇ ಉಕ್ಕಿನ ಹಲ್ಲುಗಳ ಉರುಳೆ ಇದೆ. ಗೋಡೆಯ ಮೇಲಿನ ಹಿಡಿ ಮೇಲಕ್ಕೆ ಹೋದರೆ ಆ ಉರುಳೆ ಐಸು ಯಾವುದು, ಕಾಲು ಯಾವುದು ಎಂದು ವಿಚಾರಿಸುವುದಿಲ್ಲ.

ಹೊರಗೆ ಕಟ್ಟೆಗೆ ತಾಗಿ ಬೊಂಡಾಸು ಮೀನು ಹಿಡಿಯುವ ದೋಣಿಯೊಂದು ಕಾಯುತ್ತಿದೆ. ಅದರ ನಾಯಕ ಜರನ್ ಆಗಲೇ ಮೂರು ಸಲ ಒಳಗೆ ಬಂದು ಹೋಗಿದ್ದಾನೆ. ಈಗ ನಾಲ್ಕನೆಯ ಸಲ.

"ಪಾ, ನೀರು ಇಳೀತಾ ಇದೆ," ಎನ್ನುತ್ತಾನೆ. ಪಾ ಅಂದರೆ ದೊಡ್ಡಮ್ಮ. ಬಂದರಿಗೆಲ್ಲ ಲಮಿಯತ್ ದೊಡ್ಡಮ್ಮನೇ. "ಇನ್ನು ಸ್ವಲ್ಪ ಹೊತ್ತು ಹೋದ್ರೆ ಅಳಿವೇಲಿ ದೋಣಿ ಮರಳಿಗೆ ಕೂತ್ಕೊಳ್ಳುತ್ತೆ."

"ಕೂರ್ಲಿ ಬಿಡು. ಸಂಜೆ ಭರತಕ್ಕೆ ಏಳುತ್ತೆ. ಇವನ ಕಾಲು ಹೋದ್ರೆ ಸಂಜೆಗೆ ಏಳಲ್ಲ."

"ನಿಮ್ಮ ಬಾಯಿಗೆ ಐಸ್ ತುರುಕ್ಬೇಕು."

"ಮೆಷಿನ್ ಸರಿಹೋಗ್ಲಿ, ಆಮೇಲೆ ತುರುಕು."

ಜರನ್ ನಗುವುದಿಲ್ಲ. ಅವನ ಕಣ್ಣು ಸ್ವಿಚ್ಚಿನ ಮೇಲಿದೆ. ಲಮಿಯತ್ ಅವರ ಕಣ್ಣು ಅವನ ಮೇಲಿದೆ.

ಈ ಕಾರ್ಖಾನೆಯಲ್ಲಿ ಲಮಿಯತ್ ಅವರ ಕೆಲಸವೇನೆಂದು ಕೇಳಿದರೆ ನೆಲ ತೊಳೆಯುವುದು ಎಂಬ ಉತ್ತರ ಬರುತ್ತದೆ. ಸಂಬಳವೂ ಅದಕ್ಕೇ. ಗಂಟಲು ಕಾಯುವುದು ಅವರೇ ಮೈಮೇಲೆ ಹಾಕಿಕೊಂಡ ಕೆಲಸ. ಐಸು ಹೆಚ್ಚು ಹೋಗುವ ದಿನಗಳಲ್ಲಿ ಯಂತ್ರ ಆರೇಳು ಸಲ ಕಟ್ಟಿಕೊಳ್ಳುತ್ತದೆ, ಆರೇಳು ಸಲವೂ ಇದೇ ಓಟ. ಇದು ಶುರುವಾದದ್ದು ಅವರ ಗಂಡ ಸಂಗಾ ಅವರಿಂದ.

ಒಂಬತ್ತು ವರ್ಷದ ಹಿಂದೆ ಇದೇ ಯಂತ್ರದಲ್ಲಿ ದಿಮ್ಮಿ ಸಿಕ್ಕಿಕೊಂಡಾಗ ಸ್ವಿಚ್ಚು ನೋಡಿಕೊಳ್ಳುವವನು ಹೊರಗೆ ಬಿಸಿ ಗಂಜಿ ಉಣ್ಣುತ್ತಿದ್ದ. ಉಣ್ಣುವವನನ್ನು ಎಬ್ಬಿಸುವುದು ಹೇಗೆ? ಕಾಯುತ್ತಿರುವ ದೋಣಿಯವರಿಗೆ ತೊಂದರೆ ಕೊಡುವುದು ಹೇಗೆ? ಸಂಗಾ ಯಾರನ್ನೂ ಕರೆಯಲಿಲ್ಲ. ಯಂತ್ರ ತಿರುಗುತ್ತಿರುವಾಗಲೇ ಕಾಲು ಚಾಚಿ ದಿಮ್ಮಿಯನ್ನು ಒದ್ದರು. ದಿಮ್ಮಿ ಇಳಿಯಿತು, ಜೊತೆಗೆ ಕಾಲೂ ಹೋಯಿತು. ನಮ್ಮ ಜನರ ದಾಕ್ಷಿಣ್ಯ ಎಷ್ಟು ಮಂದಿಯ ಕೈಕಾಲು ತಿಂದಿದೆಯೋ, ಲೆಕ್ಕ ಇಟ್ಟವರಿಲ್ಲ.

"ಆಸ್ಪತ್ರೇಲಿ ಎಚ್ಚರ ಆದಾಗ ಮೊದಲು ಏನ್ ಕೇಳಿದ್ರು ಗೊತ್ತಾ? ದೋಣಿಗೆ ತಡ ಆಯ್ತಾ ಅಂತ," ಎಂದು ಲಮಿಯತ್ ಹೇಳುತ್ತಾರೆ. "ಬೈಯ್ಲೋ ಅಳ್ಲೋ ತಿಳೀಲಿಲ್ಲ. ಎರಡೂ ಮಾಡ್ದೆ."

ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ಕೊಟ್ಟರು, ಹಣ್ಣಿನ ಬುಟ್ಟಿ ಹಿಡಿದು ತಾವೇ ಬಂದರು, 'ಒಳಗೆ ಜನರಿದ್ದಾಗ ಯಂತ್ರ ಚಾಲೂ ಮಾಡಬಾರದು' ಎಂಬ ಫಲಕವನ್ನೂ ತೂಗುಹಾಕಿದರು. ಕೆಲಸಗಾರರಲ್ಲಿ ಅರ್ಧ ಜನಕ್ಕೆ ಥಾಯ್ ಓದಲು ಬರುವುದಿಲ್ಲ. ಓದಲು ಬರುವ ಇನ್ನರ್ಧ ಅದರ ಮೊಳೆಗೆ ಅಂಗಿ ತಗುಲಿಸಿದರು. ಗಂಟಲಿಗೊಂದು ಕಬ್ಬಿಣದ ಜಾಲರಿ, ಸ್ವಿಚ್ಚಿಗೊಂದು ಬೀಗ ಹಾಕಿಸಿ ಎಂದು ಲಮಿಯತ್ ಕೇಳಿದ್ದಕ್ಕೆ 'ಮುಂದಿನ ತಿಂಗಳು' ಎಂದಿದ್ದರು. ಆ ತಿಂಗಳು ಇನ್ನೂ ಬಂದಿಲ್ಲ.

ಆಗ ಲಮಿಯತ್ ಅವರ ಕಣ್ಣಿಗೆ ಬಿದ್ದದ್ದು ದೋಣಿಗಳ ಮೂತಿ. ದೋಣಿ ಕಾಯುವ ತಾಯಿ ಮೇ ಯಾ ನಾಂಗ್ ನೆಲೆಸುವುದು ಅಲ್ಲಿಯೇ, ಆದ್ದರಿಂದ ಪ್ರತಿ ದೋಣಿಯ ಮೂತಿಗೂ ಬಣ್ಣದ ಪಟ್ಟಿ ಸುತ್ತಿರುತ್ತಾರೆ. ಎಂಥ ಕುಡುಕನೂ ಆ ಪಟ್ಟಿ ಮುಟ್ಟುವುದಿಲ್ಲ. ಥಾಯ್ ಆಗಲಿ, ಬರ್ಮಾದವರಾಗಲಿ, ಅದನ್ನು ಓದಲು ಅಕ್ಷರ ಬೇಕಿಲ್ಲ. ಲಮಿಯತ್ ಅದೇ ಪಟ್ಟಿ ತಂದು ಸ್ವಿಚ್ಚಿಗೆ ಕಟ್ಟಿದರು. ಗಂಟಲಿಗೆ ಇಳಿದವನು ಹತ್ತಿ ಬಂದು ತಾನೇ ಬಿಚ್ಚಬೇಕು, ಬೇರೆ ಯಾರೂ ಬಿಚ್ಚುವಂತಿಲ್ಲ.

"ಗ್ರೀಸು ಮೆತ್ಕೊಂಡಿರೋ ಸ್ವಿಚ್ಚಿಗೆ ತಾಯಿ ಪಟ್ಟಿನಾ ಅಂತ ದೋಣಿಯವ್ರು ಬೈದ್ರು. ದೋಣಿ ಹತ್ತೋರನ್ನ ಕಾಯೋಳು ದೋಣಿಗೆ ಐಸ್ ತುಂಬೋರನ್ನ ಕಾಯಲ್ವಾ ಅಂದೆ."

ಗಂಟಲೊಳಗಿಂದ ಟುನ್ ಲಿನ್‌ನ ಕೂಗು ಬರುತ್ತದೆ. ಹಾರೆ ಬಿರುಕಿನಲ್ಲಿ ಸಿಕ್ಕಿಕೊಂಡಿದೆ, ಉದ್ದ ಕೊಕ್ಕೆ ಬೇಕಂತೆ. ಲಮಿಯತ್ ಕೊಕ್ಕೆ ಹಿಡಿದು ಗಂಟಲಿನತ್ತ ಹೋಗಿ ಬಗ್ಗುತ್ತಾರೆ. ಸ್ವಿಚ್ಚು ಈಗ ಅವರ ಬೆನ್ನ ಹಿಂದಿದೆ.

ಇದೇ ಹೊತ್ತಿಗೆ ಜರನ್‌ನ ದೋಣಿಯ ಅಡುಗೆಯ ಮುದುಕ ಪ್ರೋಮ್ ಒಳಗೆ ಬರುತ್ತಾನೆ. ಇವತ್ತು ಅಮಾವಾಸ್ಯೆ, ಬುದ್ಧನ ದಿನ. ಸ್ವಿಚ್ಚಿನ ಮೇಲಿನ ಪಟ್ಟಿ ಮೀನಿನ ಲೋಳೆ ಹತ್ತಿ, ಉಪ್ಪುನೀರಲ್ಲಿ ನೆಂದು ಚಿಂದಿಯಾಗಿರುವುದು ಅವನ ಕಣ್ಣಿಗೆ ಬೀಳುತ್ತದೆ. ತಾಯಿಗೆ ಇಂಥ ದಿನ ಇಂಥ ಬಟ್ಟೆಯೇ? ಅವನು ಕೈ ಮುಗಿದು, ತಪ್ಪಾಯಿತೆಂದು ಬೇಡಿಕೊಂಡು, ಗಂಟು ಬಿಚ್ಚುತ್ತಾನೆ. ದೋಣಿಯಿಂದ ಹೊಸ ಪಟ್ಟಿ ತರಲು ಹೋಗುತ್ತಾನೆ. ಮುದುಕನ ಭಕ್ತಿಯಲ್ಲಿ ಎಳ್ಳಷ್ಟೂ ಕಲ್ಮಷವಿಲ್ಲ.

ನಾಲ್ಕನೆಯ ಸಲ ಹೊರಗೆ ಹೋಗಿದ್ದ ಜರನ್ ಐದನೆಯ ಸಲ ಬರುತ್ತಾನೆ. ಸ್ವಿಚ್ಚಿನ ಮೇಲೆ ಪಟ್ಟಿ ಇಲ್ಲ. ಪಟ್ಟಿ ಇಲ್ಲವೆಂದರೆ ಒಳಗಿದ್ದವನು ಹೊರಗೆ ಬಂದಾಯಿತು. ಬಂದರಿಗೆಲ್ಲ ಗೊತ್ತಿರುವ ನಿಯಮ, ಲಮಿಯತ್ ಅವರೇ ಕಲಿಸಿದ್ದು.

"ಅಂತೂ ಮುಗೀತಪ್ಪ," ಎಂದು ಅವನು ಹಿಡಿಯನ್ನು ಮೇಲಕ್ಕೆ ತಳ್ಳುತ್ತಾನೆ.

ಕಬ್ಬಿಣಕ್ಕೆ ಕಬ್ಬಿಣ ಬಡಿದ ಆ ಸದ್ದು ಲಮಿಯತ್ ಅವರಿಗೆ ಬೆನ್ನಿನಲ್ಲಿ ಕೇಳಿಸುತ್ತದೆ. ಅವರ ಎರಡೂ ಕೈ ತಾವಾಗಿ ಟುನ್ ಲಿನ್‌ನ ಕಂಕುಳಿಗೆ ಹೋಗುತ್ತವೆ. ಗಂಟಲೊಳಗೆ ಅವನು ಕಣ್ಣು ಮುಚ್ಚಿಕೊಂಡಿದ್ದಾನೆ.

ಯಂತ್ರ ಅಲುಗುವುದಿಲ್ಲ.

ಜರನ್ ಹಿಡಿಯನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡುತ್ತಾನೆ. ಆಮೇಲೆ ಗಂಟಲಿನ ಅಂಚಿನಲ್ಲಿ ಟುನ್ ಲಿನ್‌ನ ತಲೆ ಕಾಣಿಸುತ್ತದೆ. ಬಂದರಿನ ಅತಿ ದೊಡ್ಡ ಬಾಯಿಯ ನಾಯಕ ಹಿಡಿಯನ್ನು ಮೆಲ್ಲಗೆ ಕೆಳಗಿಳಿಸಿ, ಹಿಂದಿದ್ದ ಮೀನಿನ ಬುಟ್ಟಿಯ ಮೇಲೆ ಕೂರುತ್ತಾನೆ. ಹೊಸ ಪಟ್ಟಿ ಹಿಡಿದು ಬಂದ ಪ್ರೋಮ್ ಬಾಗಿಲಲ್ಲೇ ನಿಲ್ಲುತ್ತಾನೆ. ಯಾರೂ ಯಾರನ್ನೂ ಬೈಯುವುದಿಲ್ಲ. ಲಮಿಯತ್ ಒದ್ದೆ ನೆಲದ ಮೇಲೇ ಕೂರುತ್ತಾರೆ.

ಟುನ್ ಲಿನ್‌ನ ಜೇಬಿನಲ್ಲಿರುವುದು ಯಂತ್ರದ ಮೂರು ಪಿಂಗಾಣಿ ಫ್ಯೂಸುಗಳು. ಅವಿಲ್ಲದೆ ಹಿಡಿಯನ್ನು ಎಷ್ಟು ಎತ್ತಿದರೂ ಉರುಳೆ ತಿರುಗದು. ವರ್ಷಗಳಿಂದ ಲಮಿಯತ್ ಹೀಗೇ ಮಾಡುತ್ತಿದ್ದಾರೆ, ಇಳಿಯುವವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಪಟ್ಟಿ ಕಟ್ಟಿದ ಮೇಲೂ ಫ್ಯೂಸು ಕಿತ್ತರೆ ತಾಯಿಯ ಮೇಲೆ ನಂಬಿಕೆ ಇಲ್ಲ ಅಂದಾರು ಎಂಬ ಅಳುಕು.

"ನಂಬಿಕೆ ಇದೆ," ಎನ್ನುತ್ತಾರೆ. "ಆದ್ರೆ ಅವಳಿಗೆ ಸಾವಿರ ದೋಣಿ ನೋಡ್ಕೊಳ್ಳೋದಿದೆ. ನಂಗೆ ಒಂದೇ ಮೆಷಿನ್."

ಜರನ್ ಇವತ್ತಿನ ಇಳಿತಕ್ಕೆ ಹೊರಡುವುದಿಲ್ಲ. ಬಿಸಿಲೇರಿದ ಮೇಲೆ ಬಂದ ಮಾಲೀಕರ ಎದುರು ಹೋಗಿ ನಿಲ್ಲುತ್ತಾನೆ. "ಬೀಗ, ಜಾಲರಿ ಬರೋವರೆಗೂ ನಿಮ್ಮ ಐಸ್ ಬೇಡ. ಸ್ವಿಚ್ ಎತ್ತಿದ್ದು ನನ್ನ ಕೈ," ಎಂದಷ್ಟೇ ಹೇಳುತ್ತಾನೆ. ಮಾಲೀಕರು ಈ ಸಲ ಮುಂದಿನ ತಿಂಗಳು ಎನ್ನದೆ ಬೀಗಕ್ಕೂ ಜಾಲರಿಗೂ ಹೇಳಿಕಳಿಸುತ್ತಾರೆ.

ಬೀಗ ಬಂದ ಮೇಲೆ ನಿಮಗೇನು ಕೆಲಸ ಎಂದರೆ ಲಮಿಯತ್ ಪೈಪು ತೋರಿಸುತ್ತಾರೆ. "ನೆಲ ಇದೆಯಲ್ಲ. ಜಾರಿ ಬೀಳೋರೂ ಇದಾರೆ." ದೊಡ್ಡ ಆಸೆ ಏನೂ ಇಲ್ಲವಂತೆ. ಆದರೆ ಬೆಳಗ್ಗೆ ನಡೆದದ್ದನ್ನು ಹೇಳುವಾಗ ಅವರ ಅಂಗೈ ತಾನಾಗಿ ತೆರೆದುಕೊಳ್ಳುತ್ತದೆ. ಟುನ್ ಲಿನ್ ಮೇಲೆ ಹತ್ತಿ ಬಂದು, ಜೇಬಿನ ಗುಂಡಿ ಬಿಚ್ಚಿ, ಮೂರೂ ಫ್ಯೂಸುಗಳನ್ನು ಆ ಅಂಗೈಗೇ ಹಾಕಿದ್ದ.

"ಐಸಿನ ಗಂಟಲಿಂದ ಬಂದ್ರೂ ಬೆಚ್ಚಗಿದ್ವು, ಅವನ ಎದೆ ಮೇಲಿದ್ವಲ್ಲ," ಎನ್ನುತ್ತಾರೆ. "ನಾನು ಕೇಳೋದು ಇಷ್ಟೇ. ಇಳಿದೋರೆಲ್ಲ ಹಾಗೇ ಬೆಚ್ಚಗೆ ವಾಪಸ್ ಕೊಡ್ಲಿ."