ಟೀಲೆ ಮೇಷ್ಟ್ರ ಒಂದು ಸಹಿ

ಓಸ್ಟರ್‌ವಿಂಕೆಲ್ ಊರಿನ ಹಳೆಯ ಮರದ ಮನೆಗಳಲ್ಲಿ ಅರ್ನುಲ್ಫ್ ಟೀಲೆ ಹತ್ತದ ಅಟ್ಟವೇ ಇರಲಿಲ್ಲ. ಕಟ್ಟಡ ಕಟ್ಟುವ ವಿದ್ಯೆ ಕಲಿಸುವ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಿಂದ ಊರಿಗೆಲ್ಲ ಅವರು ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಅಳತೆ ಪಟ್ಟಿ, ಪೆನ್ಸಿಲು, ಒಂದು ತುಂಡು ರೈ ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಯಾರದೋ ಬಾಗಿಲು ತಟ್ಟುವರು. ತೊಲೆಯ ಮೇಲೆ ಹಳೇ ಬಡಗಿ ಉಳಿಯಿಂದ ಕೊರೆದ ಗುರುತು ನೋಡಿ, ಯಾವ ಕಂಬ ಮೊದಲು ನಿಂತಿತು, ಯಾವುದನ್ನು ಆಮೇಲೆ ಸೇರಿಸಿದರು ಎಂದು ಹೇಳಿಬಿಡುವರು, ಅಳೆದು ಮನೆಯ ನಕ್ಷೆ ಬರೆದುಕೊಳ್ಳುವರು. ಮನೆಯವರು ಬಾಯಿ ಬಿಟ್ಟುಕೊಂಡು ಕೇಳುವರು.

ಅವರು ಹೊಸದಾಗಿ ಕಟ್ಟಿದ್ದು ಕಡಿಮೆ. ಎರಡು ಶಾಲೆ, ಒಂದು ಗಿರಣಿ, ಏಳೆಂಟು ಮನೆ. ಎಲ್ಲಕ್ಕೂ ಕಡಿದಾದ ಇಳಿಜಾರಿನ ಹೆಂಚಿನ ಮಾಡು. ಪಟ್ಟಣದಿಂದ ಬಂದ ಹುಡುಗರು ಹಾಲಿನ ಡೇರಿಗೆ ಚಪ್ಪಟೆ ತಾರಸಿ ಹಾಕಿದಾಗ ಅದನ್ನು ಟೋಪಿ ಕಳಕೊಂಡ ಪೊಲೀಸಿನವನಿಗೆ ಹೋಲಿಸಿ ಪತ್ರಿಕೆಗೆ ಬರೆದರು. ಊರು ವಾರವೆಲ್ಲ ನಕ್ಕಿತು.

ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಇಳಿಜಾರು ಮಾಡೇ ನಮ್ಮ ನಾಡಿನ ಮಾಡು ಎಂದು ಅವರೂ ಹೇಳಿದರು. ಮೇಷ್ಟ್ರನ್ನು ಜಿಲ್ಲೆಯ ಹಳೇ ಕಟ್ಟಡಗಳ ರಕ್ಷಣಾಧಿಕಾರಿ ಮಾಡಿದರು. ಕೊನೆಗೂ ತಮ್ಮ ಮಾತು ಕೇಳುವವರು ಬಂದರೆಂದು ಮೇಷ್ಟ್ರು ಹಿಗ್ಗಿದರು. ಹೆಂಡತಿ ಗೆರ್ಲಿಂಡ ಹಿಗ್ಗಲಿಲ್ಲ. "ಅವರಿಗೆ ಬೇಕಾಗಿರೋದು ಇಳಿಜಾರು ಮಾಡು ಅಲ್ಲ ಅರ್ನುಲ್ಫ್, ನಿನ್ನ ಹೆಸರು" ಎಂದಳು.

ಚರ್ಮ ಹದ ಮಾಡುವವರ ಬೀದಿಯ ಹಿಂದೆ ಯೆಹೂದಿಗಳ ಪ್ರಾರ್ಥನಾ ಮಂದಿರವಿತ್ತು. ಇನ್ನೂರು ವರ್ಷ ದಾಟಿದ ಓಕ್ ಮರದ ಕಟ್ಟಡ. ಒಳಗೆ ಬಣ್ಣದ ಹೂಬಳ್ಳಿ ಬರೆದ ಮರದ ಕಮಾನು ಚಾವಣಿ. ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಮೇಷ್ಟ್ರು ಆರು ವಾರ ಕೂತು ಅದನ್ನು ಅಳೆದು ಏಳು ನಕ್ಷೆ ಬರೆದಿದ್ದರು. ಏಣಿ ಹಿಡಿದವರು ಚರ್ಮದ ವ್ಯಾಪಾರಿ ಯೂಲಿಯುಸ್ ಲಿಲಿಯೆನ್‌ಫೆಲ್ಟ್. ಮಧ್ಯಾಹ್ನಕ್ಕೆ ಕಾಫಿ, ಪ್ಲಮ್ ಹಣ್ಣಿನ ಕೇಕು ಅವರ ಮನೆಯಿಂದಲೇ ಬರುತ್ತಿತ್ತು. ಊರಿನ ಕಟ್ಟಡಗಳ ಬಗ್ಗೆ ಮೇಷ್ಟ್ರು ಬರೆದ ಪುಸ್ತಕದಲ್ಲಿ ಆ ಮಂದಿರಕ್ಕೆ ಏಳು ಪುಟ. ಮೂವತ್ತಾರರಲ್ಲಿ ಎರಡನೇ ಮುದ್ರಣವಾಗುವಾಗ, ಆ ಪುಟಗಳು ಬೇಡ ಎಂದರು ಪ್ರಕಾಶಕರು. ಮೇಷ್ಟ್ರು ಆಗಲಿ ಎಂದರು.

ಮೂವತ್ತೆಂಟರ ನವೆಂಬರಿನಲ್ಲಿ ನಾಜಿಗಳು ಮಂದಿರಕ್ಕೆ ಬೆಂಕಿ ಹಚ್ಚಿದರು. ಬೆಂಕಿ ಆರಿಸುವವರು ಅಕ್ಕಪಕ್ಕದ ಮನೆಗಳಿಗಷ್ಟೇ ನೀರು ಹೊಡೆದು ಸುಮ್ಮನೆ ನಿಂತರು. ಚಾವಣಿ ಸುಟ್ಟು ಬಿತ್ತು, ಕಂಬ ತೊಲೆಗಳ ಚೌಕಟ್ಟು ಮಾತ್ರ ಕದಲಲಿಲ್ಲ. ಮೂರನೇ ದಿನ, ಪರೀಕ್ಷಿಸಿ ವರದಿ ಕೊಡಿ ಎಂದು ಮೇಷ್ಟ್ರಿಗೆ ಪುರಸಭೆಯಿಂದ ಆಜ್ಞೆ ಬಂತು. ಬಡಗಿ ಬೊಡೆಯನ್ನು ಕರೆದುಕೊಂಡು ಹೋದರು. ಬೊಡೆ ಮೂಲೆಗಂಬಕ್ಕೆ ಕೊಡಲಿ ಹಾಕಿ ನೋಡಿದ.

"ಬೆರಳುದ್ದ ಕರಕಲು, ಅಷ್ಟೇ ಮೇಷ್ಟ್ರೇ. ಒಳಗೆ ಕಬ್ಬಿಣ ಇದ್ದಂಗಿದೆ. ಮಾಡು ಹೊದಿಸಿದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತದೆ."

"ಗೊತ್ತು" ಎಂದರು ಮೇಷ್ಟ್ರು.

"ಗೊತ್ತಿದ್ರೆ ಹಂಗೇ ಬರೀರಿ."

ಪುರಸಭೆಯಲ್ಲಿ ವರದಿ ಆಗಲೇ ಟೈಪಾಗಿ ಕೂತಿತ್ತು. ಕುಸಿಯುವ ಅಪಾಯವಿದೆ, ಕೂಡಲೇ ಕೆಡವತಕ್ಕದ್ದು. ವಸಂತದವರೆಗೆ ಕಾಯಬಹುದಲ್ಲ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಮೇಯರು ಕುರ್ಚಿ ಎಳೆದು ಕೂರಿಸಿದ. "ನಿಮಗೆ ಮಾರುಕಟ್ಟೆ ಬೀದಿಯ ಆ ನಲವತ್ತು ಹಳೇ ಮನೆಗಳು ಬೇಕು ತಾನೆ ಮೇಷ್ಟ್ರೇ? ಅವನ್ನ ಒಡೆದು ರಸ್ತೆ ಅಗಲ ಮಾಡೋ ಕಡತ ಇಲ್ಲೇ ಇದೆ ನೋಡಿ. ಅದು ಇಲ್ಲೇ ಇರ್ಲಿ ಅಂತ ನಾನಂದ್ರೆ ಇಲ್ಲೇ ಇರುತ್ತೆ."

ಮೇಷ್ಟ್ರು ಸಹಿ ಹಾಕಿದರು. ಒಂದನ್ನು ಕೊಟ್ಟು ನಲವತ್ತನ್ನು ಉಳಿಸಿದೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಕೆಡವುವ ಕೆಲಸಕ್ಕೆ ಬೊಡೆ ಬರಲಿಲ್ಲ. ಬೇರೆ ಊರಿನವರನ್ನು ಕರೆಸಬೇಕಾಯಿತು. ಓಕ್ ತೊಲೆಗಳನ್ನು ಬಿಡಿಸಲು ಅವರಿಗೆ ಹನ್ನೊಂದು ದಿನ ಹಿಡಿಯಿತು.

ಬೆಂಕಿ ಬಿದ್ದ ರಾತ್ರಿಯೇ ಸೆರೆ ಶಿಬಿರಕ್ಕೆ ಎಳೆದೊಯ್ದಿದ್ದ ಲಿಲಿಯೆನ್‌ಫೆಲ್ಟ್ ಡಿಸೆಂಬರಿನಲ್ಲಿ ತಲೆ ಬೋಳಾಗಿ ವಾಪಸು ಬಂದರು. ಖಾಲಿ ಜಾಗದ ಹತ್ತಿರ ಮೇಷ್ಟ್ರು ಎದುರಾದಾಗ ನಿಂತರು. "ನೀವು ಅಳೀತಿದ್ದಾಗ ಪಕ್ಕದಲ್ಲೇ ಇದ್ದೆ. ಇದು ತಪ್ಪು ಬರೆಯೋ ಕೈ ಅಲ್ಲ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಹೋದರು. ಮಗಳು ರೊಸಾಲಿಯನ್ನು ಇಂಗ್ಲೆಂಡಿಗೆ ದಾಟಿಸಿದರು. ಗಂಡಹೆಂಡಿರನ್ನು ನಲವತ್ತೆರಡರಲ್ಲಿ ನಾಜಿಗಳು ಪೂರ್ವದ ಶಿಬಿರಗಳ ಕಡೆಗೆ ಹೋಗುವ ರೈಲಿಗೆ ಹತ್ತಿಸಿದರು. ತಿರುಗಿ ಬರಲಿಲ್ಲ.

ಯುದ್ಧದ ಕೊನೆಯಲ್ಲಿ, ನಲವತ್ತೈದರ ಏಪ್ರಿಲಿನಲ್ಲಿ, ಊರಿನ ಮೇಲೆ ಇಪ್ಪತ್ತು ನಿಮಿಷ ಬಾಂಬು ಬಿತ್ತು. ಸಂಜೆಯ ಹೊತ್ತಿಗೆ ಮಾರುಕಟ್ಟೆ ಬೀದಿಯ ನಲವತ್ತು ಮನೆಗಳೂ ಬೂದಿ. ಬೊಡೆ ತನ್ನ ನೆಲಮಾಳಿಗೆಯಲ್ಲೇ ಸತ್ತ. ಪಕ್ಕದ ಹಳ್ಳಿಯ ಚರ್ಚಿನ ನೆಲಮಾಳಿಗೆಯಲ್ಲಿ ಇಟ್ಟಿದ್ದ ಮೇಷ್ಟ್ರ ನಕ್ಷೆಗಳು ಮಾತ್ರ ಉಳಿದವು. ಅವನ್ನು ನೋಡಿಕೊಂಡೇ ಬೀದಿಯನ್ನು ಮತ್ತೆ ಕಟ್ಟೋಣವೆಂದು ಊರು ಸಮಿತಿ ಮಾಡಿತು, ಮೇಷ್ಟ್ರೇ ಅಧ್ಯಕ್ಷರು. ಜನ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು.

ಐವತ್ತೊಂದರಲ್ಲಿ ರೊಸಾಲಿ ಇಂಗ್ಲೆಂಡಿನಿಂದ ಬಂದು, ಊರಿನ ಯೆಹೂದಿಗಳಲ್ಲಿ ಬದುಕುಳಿದವರ ಪರವಾಗಿ ಮಂದಿರದ ಜಾಗಕ್ಕೂ ಪರಿಹಾರಕ್ಕೂ ಪುರಸಭೆಯ ಮೇಲೆ ದಾವೆ ಹೂಡಿದಳು. ಕಟ್ಟಡ ತಾನಾಗೇ ಬೀಳುವಂತಿತ್ತು, ಕೆಡವಿದ್ದರಲ್ಲಿ ನಮ್ಮ ತಪ್ಪಿಲ್ಲ ಎಂದಿತು ಪುರಸಭೆ, ಮೇಷ್ಟ್ರ ವರದಿ ತೋರಿಸಿ. ಪುರಸಭೆಯ ವಕೀಲ ಮನೆಗೇ ಬಂದು, ಹಳೇ ಮಾತು, ನೆನಪಿಲ್ಲ ಎಂದುಬಿಡಿ, ಸಾಕು ಎಂದು ಹೇಳಿಕೊಟ್ಟ. ಅವನು ಹೋದ ಮೇಲೆ ಗೆರ್ಲಿಂಡ ಆಲೂಗಡ್ಡೆ ಸುಲಿಯುತ್ತ, ತಲೆ ಎತ್ತದೆ, "ನಿನಗೆ ಒಂದು ಮೊಳೆಯೂ ಮರೆತುಹೋಗಲ್ಲ ಅಂತ ಊರಿಗೆಲ್ಲ ಗೊತ್ತು" ಎಂದಳು.

ಕೋರ್ಟಿನಲ್ಲಿ ಮೇಷ್ಟ್ರು ಕಟಕಟೆ ಹಿಡಿದುಕೊಂಡು ನಿಂತರು. "ಮರ ಗಟ್ಟಿಯಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ."

ಬಲವಂತ ಮಾಡಿದರೇ ಎಂದು ನ್ಯಾಯಾಧೀಶರು ಕೇಳಿದರು.

"ಇಲ್ಲ. ಕುರ್ಚಿ ಕೊಟ್ಟು ಕೂರಿಸಿದ್ರು."

ಪುರಸಭೆ ಸೋತಿತು. ಹೊರಗಿನ ಮೊಗಸಾಲೆಯಲ್ಲಿ ಮೇಷ್ಟ್ರು ಮಂದಿರದ ಏಳು ನಕ್ಷೆಗಳನ್ನು ರೊಸಾಲಿಯ ಮುಂದೆ ಹಿಡಿದರು. ಅವಳು ತೆಗೆದುಕೊಂಡಳು. ಅವರು ಚಾಚಿದ ಕೈಯನ್ನು ಮುಟ್ಟಲಿಲ್ಲ. "ಇದನ್ನ ನಮ್ಮಪ್ಪ ಬದುಕಿದ್ದಾಗ ಹೇಳ್ಬೇಕಿತ್ತು ನೀವು" ಎಂದಳು.

ಆ ತಿಂಗಳೇ ಸಮಿತಿಯವರು ಮೇಷ್ಟ್ರಿಗೆ ವಂದನೆ ಹೇಳಿ ಬಿಡುವು ಕೊಟ್ಟರು. ಬೇಕರಿಯವಳು ರೊಟ್ಟಿ ಕೊಡುವಾಗ ಮುಖ ನೋಡುವುದನ್ನು ಬಿಟ್ಟಳು. ಅಂದು ಸಹಿ ಹಾಕಿದ್ದಕ್ಕಲ್ಲ ಆ ಸಿಟ್ಟು, ಇಂದು ಬಾಯಿ ಬಿಟ್ಟಿದ್ದಕ್ಕೆ. ಮಾರುಕಟ್ಟೆ ಬೀದಿ ಕಾಂಕ್ರೀಟಿನಲ್ಲಿ ಎದ್ದಿತು, ಮುಂಗೋಡೆಗೆ ತೊಲೆಯಂತೆ ಕಾಣುವ ಹಲಗೆ ಅಂಟಿಸಿದರು. ಮೇಷ್ಟ್ರು ಒಮ್ಮೆ ಹೋಗಿ ಹಲಗೆಯನ್ನು ಉಗುರಿನಿಂದ ಕೆರೆದು ನೋಡಿ ಬಂದರು. ಆಮೇಲೆ ಆ ಕಡೆ ಹೋಗಲಿಲ್ಲ.

ಐವತ್ತೈದರ ಫೆಬ್ರವರಿಯಲ್ಲಿ ಎದೆಗೆ ಶೀತ ಇಳಿದು ತೀರಿಕೊಂಡರು. ಮಣ್ಣಿಗೆ ಬಂದವರು ಗೆರ್ಲಿಂಡ, ಪಾದ್ರಿ, ಬೊಡೆಯ ಹೆಂಡತಿ. ನೆಲ ಹೆಪ್ಪುಗಟ್ಟಿತ್ತು. ಗುಂಡಿ ತೋಡುವವರು ಹಾರೆ ಹಾಕಿ ಒಡೆಯುವವರೆಗೆ ಮೂವರೂ ಚಳಿಯಲ್ಲಿ ನಿಂತಿದ್ದರು.