ಪ್ಲೇಟಿನ ಹಿಂದೆ ನಲವತ್ತೈದು ವರ್ಷ, ಮತ್ತು ಒಂದು ತಿದ್ದುಪಡಿ

ಬೇಸ್‌ಬಾಲ್ ಮೈದಾನದಲ್ಲಿ ಎಂಟು ಮಂದಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವಾಗ ಒಂಬತ್ತನೆಯವನು, ಕ್ಯಾಚರ್, ಅವರೆಲ್ಲರ ಎದುರಿಗೆ, ಬ್ಯಾಟರ್ ನಿಲ್ಲುವ ಪ್ಲೇಟಿನ ಹಿಂದೆ, ಮೊಣಕಾಲು ಮಡಚಿ ಕುಳಿತಿರುತ್ತಾನೆ. ಯಾವ ಎಸೆತ ಬೇಕೆಂದು ಬೆರಳ ಸಂಕೇತದಿಂದ, ಚೆಂಡೆಸೆಯುವ ಪಿಚರನನ್ನು ಕೇಳುವವನು ಅವನು. ಕೇಳಿದ್ದು ಬಂದರೂ ಬಾರದಿದ್ದರೂ ಮೈಯೊಡ್ಡಿ ತಡೆಯಬೇಕಾದವನೂ ಅವನೇ. ಗೆದ್ದ ದಿನ ಪತ್ರಿಕೆಯಲ್ಲಿ ಪಿಚರನ ಚಿತ್ರ ಬರುತ್ತದೆ, ಕ್ಯಾಚರನ ಬೆನ್ನು ಬರುತ್ತದೆ. ಈ ಕೆಲಸವನ್ನು ಹದಿನಾಲ್ಕು ವರ್ಷ ಆಟಗಾರರಾಗಿಯೂ ಮೂವತ್ತೊಂದು ವರ್ಷ ಶಿಕ್ಷಕರಾಗಿಯೂ ಮಾಡಿ, ಈ ಸೆಪ್ಟೆಂಬರಿನಲ್ಲಿ ನಿವೃತ್ತರಾಗುತ್ತಿರುವ ಶ್ರೀ ಲೆಲ್ಯಾಂಡ್ ವೊದಿಚ್ಕಾ ಅವರಿಗೆ ಕ್ಯಾಚರುಗಳ ಸಾಲಿನಲ್ಲಿ ಯಾವ ಸ್ಥಾನ ಸಲ್ಲಬೇಕೆಂದು ನಿರ್ಣಯಿಸುವ ಅಧಿಕಾರ ಈ ಬರಹಗಾರನಿಗಿಲ್ಲ. ಅವರ ಕೈಗೆ ಎರಡು ಋತು ಚೆಂಡೆಸೆದವನು, ಅನಂತರ ಕೌಂಟಿಯ ನೀರು ಸರಬರಾಜು ಕಚೇರಿಯಲ್ಲಿ ದುಡಿಯುತ್ತ ಸಂಜೆ ಕಾಲೇಜಿನಲ್ಲಿ ನಾಲ್ಕಕ್ಷರ ಕಲಿತವನು, ಎಂಬುದಷ್ಟೇ ಅವನ ಅರ್ಹತೆ. ಇಲ್ಲಿನ ದಿನಾಂಕ ಮತ್ತು ಸಂಖ್ಯೆಗಳನ್ನು ಮೂರು ಸಲ ತಾಳೆ ನೋಡಲಾಗಿದೆ. ಆದರೂ ತಪ್ಪು ಉಳಿದಿದ್ದರೆ ಅದು ಬರಹಗಾರನದೇ.

ನೆಬ್ರಾಸ್ಕದ, ಧಾನ್ಯ ಬೆಳೆಯುವ ಒಂದು ಊರಿನಲ್ಲಿ, ಚೆಕ್ ಮೂಲದ ಮನೆತನದಲ್ಲಿ, ೧೯೫೬ರಲ್ಲಿ ಲೆಲ್ಯಾಂಡ್ ಅವರು ಹುಟ್ಟಿದರು. ತಂದೆ ಧಾನ್ಯದ ಉಗ್ರಾಣದಲ್ಲಿ ತೂಕದವರು. ಊರ ತಂಡದಲ್ಲಿ ಕ್ಯಾಚರನ ಕವಚ ಒಬ್ಬರಿಗೆ ಮಾತ್ರ ಸರಿಹೊಂದುತ್ತಿತ್ತು, ಆ ಒಬ್ಬರು ಇವರಾದರು. ಇದಕ್ಕಿಂತ ಘನವಾದ ಕಾರಣವನ್ನು ಅವರು ಎಂದೂ ಹೇಳಿಕೊಂಡವರಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಮೊಂಟಾನದ ಹಾರ್ಲನ್ ಕ್ರೀಕ್ ತಂಡದ ಕರಾರಿಗೆ ಸಹಿ ಹಾಕಿ, ಚಿಕ್ಕ ಲೀಗುಗಳ ಕೆಳಗಿನ ಮೆಟ್ಟಿಲಿನಿಂದ ಹೊರಟರು. ಮೂರು ವರ್ಷ ಅಲ್ಲಿ, ನಾಲ್ಕು ವರ್ಷ ಪ್ರೇರಿ ಜಂಕ್ಷನ್ನಿನಲ್ಲಿ, ಮತ್ತೆ ಓಟ್ವಿಲ್‌ನಲ್ಲಿ. ಓಟ್ವಿಲ್ ಎಂದರೆ ದೊಡ್ಡ ಲೀಗಿನ ಹೊಸ್ತಿಲು. ಆ ಹೊಸ್ತಿಲಲ್ಲಿ ಕೂತೇ ಕೂದಲು ನರೆತವರನ್ನು ನಾವೆಲ್ಲ ನೋಡಿದ್ದೇವೆ.

ಈ ವರ್ಷಗಳಲ್ಲಿ ಅವರು ಮಾಡಿದ ಉಪಕಾರಗಳನ್ನು ಎಣಿಸಿ ಬರೆಯಬೇಕೆಂದು ಈ ಅಭಿನಂದನ ಸಂಪುಟದ ಸಮಿತಿಯವರ ಅಪೇಕ್ಷೆ. ಎಣಿಸುವುದು ಕಷ್ಟ, ಏಕೆಂದರೆ ಹೆಚ್ಚಿನವು ಉಪಕಾರದಂತೆ ಕಾಣುತ್ತಿರಲಿಲ್ಲ. ಪ್ರೇರಿ ಜಂಕ್ಷನ್ನಿಗೆ ಎಲಾಡಿಯೊ ಎಂಬ ಡೊಮಿನಿಕನ್ ಪಿಚರ್ ಬಂದಾಗ ಅವನಿಗೆ ಇಂಗ್ಲಿಷ್ ಬಾರದು. ಊಟದ ಮನೆಯಲ್ಲಿ ಮೂರು ವಾರ ಅವನು ಬರೀ ಪ್ಯಾನ್‌ಕೇಕ್ ತಿಂದ, ಹೇಳಲು ಬರುತ್ತಿದ್ದುದು ಅದೊಂದೇ. ಲೆಲ್ಯಾಂಡ್ ಅವರು ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಕೂತು ನಲವತ್ತು ಸ್ಪ್ಯಾನಿಷ್ ಪದಗಳನ್ನು ಕಲಿತರು. ಆ ನಲವತ್ತರಲ್ಲಿ ಹತ್ತು ತಿಂಡಿಯ ಹೆಸರುಗಳು, ಉಳಿದವು ಇಲ್ಲಿ ಅಚ್ಚು ಹಾಕಿಸುವಂಥವಲ್ಲ.

ಅಂಪೈರುಗಳೊಂದಿಗೆ ಅವರಿಗೆ ಒಂದು ಮೌನದ ಒಪ್ಪಂದವಿತ್ತು. ಚೆಂಡು ತಗುಲಿ ಅಂಪೈರ್ ನೋವಿನಲ್ಲಿದ್ದರೆ ಕ್ಯಾಚರ್ ಎದ್ದು ಪಿಚರ್ ನಿಂತು ಎಸೆಯುವ ದಿಬ್ಬದ ಕಡೆ ನಿಧಾನವಾಗಿ ನಡೆಯುತ್ತಾನೆ. ಏನೋ ಮಹತ್ವದ ಸಮಾಲೋಚನೆಯೆಂದು ಜನ ತಿಳಿಯುತ್ತಾರೆ, ಅಷ್ಟರಲ್ಲಿ ಅಂಪೈರ್ ಉಸಿರು ತಿರುಗಿಸಿಕೊಳ್ಳುತ್ತಾನೆ. ಕ್ಯಾಚರನಿಗೆ ತಗುಲಿದರೆ ಅಂಪೈರ್ ಬಗ್ಗಿ, ಚೊಕ್ಕವಾಗಿರುವ ಪ್ಲೇಟನ್ನೇ ಮತ್ತೆ ಮತ್ತೆ ಗುಡಿಸುತ್ತಾನೆ. ಗಾರ್ಲೆಂಡ್ ಪ್ರೂಯಿಟ್ ಎಂಬ ಅಂಪೈರ್ ಒಮ್ಮೆ ಲೆಲ್ಯಾಂಡ್ ಅವರಿಗಾಗಿ ಎರಡು ನಿಮಿಷ ಗುಡಿಸಿದ್ದನ್ನು ಬರಹಗಾರ ಕಣ್ಣಾರೆ ಕಂಡಿದ್ದಾನೆ. "ಏನ್ ಗಾರ್ಲೆಂಡ್, ಮನೇಲೂ ಹಿಂಗೇ ಗುಡಿಸ್ತೀಯಾ?" ಎಂದು ಲೆಲ್ಯಾಂಡ್ ಅವರು ತಲೆ ತಿರುಗಿಸದೆ ಕೇಳಿದರು. "ಮನೇಲಿ ನಿನ್ನಂಥ ಕಸ ಇಲ್ಲ ಮಾರಾಯ," ಎಂದು ಪ್ರೂಯಿಟ್ ಉತ್ತರಿಸಿದ.

ಅಂಪೈರಿಗೆ ಏಟಾಗದಿದ್ದಾಗಲೂ ಅವರು ದಿಬ್ಬಕ್ಕೆ ನಡೆದು ಬರುತ್ತಿದ್ದರು. ಅದು ಅವರ ಕೆಲಸದ ರೀತಿ. ಪಿಚರನ ಭುಜ ಸ್ವಲ್ಪ ಬಿಗಿದರೆ ಸಾಕು, ಮುಖವಾಡ ಮೇಲಕ್ಕೆತ್ತಿ ಹೊರಟುಬಿಡುವರು. ಬಂದು ಆಟದ ಮಾತು ಆಡುತ್ತಿರಲಿಲ್ಲ. ಒಮ್ಮೆ, ಮೂರು ಬೇಸುಗಳಲ್ಲೂ ಎದುರಾಳಿಗಳು ತುಂಬಿ, ಬರಹಗಾರನ ಬಾಯಿ ಒಣಗಿದ್ದಾಗ ಅವರು ಬಂದು ಗಂಭೀರವಾಗಿ ಕೇಳಿದ್ದು ಇಷ್ಟು: "ಎಮೆರಿ, ನಿಜ ಹೇಳು. ಬಸ್ಸಲ್ಲಿ ನನ್ ಸೀಟಿನ ಕೆಳಗೆ ಮೊಟ್ಟೆ ಸ್ಯಾಂಡ್‌ವಿಚ್ ಬಿಟ್ಟೋನು ನೀನೇನಾ? ಎರಡು ದಿನದಿಂದ ನಾನೇ ನಾರ್ತಾ ಇದೀನಿ ಅಂದ್ಕೊಂಡಿದ್ದೆ." ಹಾಗೆಂದು ಹಿಂದಿರುಗಿ ಹೋದರು. ಮುಂದಿನ ಎಸೆತ ಕೇಳಿದಲ್ಲಿಗೆ ಹೋಯಿತು.

ಇನ್ನು, ೧೯೮೩ರ ಆಗಸ್ಟ್ ೨೮, ಭಾನುವಾರ ಮಧ್ಯಾಹ್ನದ ಪಂದ್ಯದ ವಿಷಯ. ಲೀಗಿನ ದಾಖಲೆಯಲ್ಲಿ ಆ ದಿನ ಲೆಲ್ಯಾಂಡ್ ಅವರ ಹೆಸರಿನ ಮುಂದೆ ಒಂದು ತಪ್ಪು ನಮೂದಾಗಿದೆ. ಅದು ಅವರದಲ್ಲವೆಂದು ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಲು ಬರಹಗಾರ ಒಪ್ಪಿಕೊಂಡದ್ದು.

ಆ ವಾರ, ಓಟ್ವಿಲ್‌ನಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದ ದೊಡ್ಡ ಲೀಗಿನ ಕ್ಲಬ್ಬಿನ ಕ್ಯಾಚರನ ಬೆರಳು ಮುರಿದಿತ್ತು. ಮೇಲಕ್ಕೆ ಯಾರನ್ನು ಕರೆಯಬೇಕೆಂದು ನೋಡಲು ಕ್ಲಬ್ಬಿನ ಅಧಿಕಾರಿ ಹಾಲಿಸ್ ಬ್ರಾಂಡ್‌ವೋಲ್ಡ್ ಅವರು ಓಟ್ವಿಲ್‌ಗೆ ಬಂದು, ಪ್ಲೇಟಿನ ಹಿಂದಿನ ಮೂರನೆಯ ಸಾಲಿನಲ್ಲಿ ಕೂತಿದ್ದರು. ಆಯ್ಕೆ ಇಬ್ಬರ ನಡುವೆ: ಒಂಬತ್ತು ವರ್ಷ ಕಾದಿದ್ದ ಲೆಲ್ಯಾಂಡ್ ಅವರು, ಮತ್ತು ತಂಡದ ಇನ್ನೊಬ್ಬ ಕ್ಯಾಚರ್, ಇಪ್ಪತ್ತೆರಡರ ಹರೆಯದ ಕ್ವಿಗ್ಲಿ. ಲೆಲ್ಯಾಂಡ್ ಅವರಿಗೆ ಆಗ ಇಪ್ಪತ್ತೇಳು. ಆ ವಯಸ್ಸಿನಲ್ಲಿ ಕರೆ ಬಾರದ ಕ್ಯಾಚರನಿಗೆ ಮತ್ತೆ ಬರುವುದು ಅಪರೂಪವೆಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಬರಹಗಾರನ ಸ್ಥಿತಿಯೂ ಅಷ್ಟೇ ತೂಗುಯ್ಯಾಲೆಯದು. ಇನ್ನೊಮ್ಮೆ ಗಮನ ತಪ್ಪಿ ಪಂದ್ಯ ಕಳೆದುಕೊಂಡರೆ ಚೀಲ ಕಟ್ಟಬಹುದೆಂದು ಮ್ಯಾನೇಜರ್ ಆ ತಿಂಗಳ ಮೊದಲಲ್ಲೇ ಹೇಳಿದ್ದರು.

ಕೊನೆಯ ಇನ್ನಿಂಗಿನಲ್ಲಿ, ಒಬ್ಬ ಔಟಾಗಿದ್ದಾಗ, ಓಟ್ವಿಲ್ ಒಂದು ರನ್ನಿನಿಂದ ಮುಂದಿದ್ದಾಗ, ಬರಹಗಾರನನ್ನು ಮತ್ತೊಬ್ಬ ಪಿಚರನ ಬದಲಿಗೆ ಕಳಿಸಲಾಯಿತು. ಅವನು ಎದುರಿಸಿದ ಮೊದಲ ಬ್ಯಾಟರ್ ಔಟಾದ. ಅಲ್ಲಿಗೆ ಎರಡು ಔಟ್, ಇನ್ನೊಬ್ಬ ಔಟಾದರೆ ಪಂದ್ಯ ಓಟ್ವಿಲ್‌ನದು. ಎದುರಾಳಿಗಳು ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿದ್ದರು. ಎರಡನೆಯ ಬೇಸಿನಲ್ಲಿ ನಿಂತವನಿಗೆ ಕ್ಯಾಚರನ ಬೆರಳುಗಳು ನೇರ ಕಾಣುತ್ತವೆ; ಆದ್ದರಿಂದ ಕ್ಯಾಚರ್ ಆಗ ಮೂರು ಸಂಕೇತ ತೋರಿಸುತ್ತಾನೆ, ಅವುಗಳಲ್ಲಿ ಯಾವುದು ನಿಜವೆಂಬುದು ಔಟಾದವರ ಎಣಿಕೆಯ ಮೇಲೆ ನಿಂತಿರುತ್ತದೆ. ಯಾರೂ ಔಟಾಗಿರದಿದ್ದರೆ ಮೊದಲನೆಯದು, ಒಬ್ಬನಾಗಿದ್ದರೆ ಎರಡನೆಯದು, ಇಬ್ಬರಾಗಿದ್ದರೆ ಮೂರನೆಯದು. ಬರಹಗಾರ ತಾನು ಔಟ್ ಮಾಡಿದವನನ್ನು ಮಾತ್ರ ಎಣಿಸಿದ. ತಾನು ಬರುವ ಮೊದಲೇ ಔಟಾಗಿದ್ದವನು ಅವನ ಲೆಕ್ಕದಲ್ಲಿರಲಿಲ್ಲ. ಆದ್ದರಿಂದ ಎರಡನೆಯ ಸಂಕೇತವನ್ನು ನಂಬಿದ.

ಎರಡನೆಯದು ವೇಗದ ಎಸೆತ. ಮೂರನೆಯದು, ಲೆಲ್ಯಾಂಡ್ ಅವರು ನಿಜವಾಗಿ ಕೇಳಿದ್ದು, ಹೊರಬದಿಗೆ ತಗ್ಗುವ ತಿರುವಿನ ಎಸೆತ. ಅವರ ಕೈ ಹೊರಬದಿಗೆ, ಕೆಳಕ್ಕೆ ಹೋಯಿತು. ಚೆಂಡು ಒಳಬದಿಗೆ, ಎತ್ತರದಲ್ಲಿ ಬಂತು. ಅವರು ಹೇಗೋ ಹೊರಳಿ ಗವಸಿನ ಅಂಚನ್ನು ತಾಗಿಸಿದರು. ಚೆಂಡು ಬಲಗೈಯ ಬರಿಯ ಹೆಬ್ಬೆರಳಿಗೆ ಬಡಿದು ಬೇಲಿಯವರೆಗೆ ಉರುಳಿತು. ಬೇಸುಗಳಲ್ಲಿದ್ದ ಇಬ್ಬರೂ ಓಡಿಬಂದು ಪ್ಲೇಟು ಮುಟ್ಟಿದರು, ಎರಡು ರನ್. ಓಟ್ವಿಲ್ ಸೋತಿತು.

ಅಂಥ ಚೆಂಡನ್ನು ಎರಡು ಬಗೆಯಲ್ಲಿ ಬರೆಯಬಹುದು. ಪಿಚರನದು ತಪ್ಪಾದರೆ ದಿಕ್ಕುತಪ್ಪಿದ ಎಸೆತ. ಕ್ಯಾಚರನದಾದರೆ ಹಿಡಿಯದೆ ಬಿಟ್ಟ ಚೆಂಡು. ಸಂಕೇತದಲ್ಲೇ ಗೊಂದಲವಾಗಿದೆಯೆಂದು ಊಹಿಸಿದ ಅಂಕ ದಾಖಲೆಗಾರರು ಪಂದ್ಯ ಮುಗಿದೊಡನೆ ಕೋಣೆಗೆ ಇಳಿದು ಬಂದರು. ಬ್ರಾಂಡ್‌ವೋಲ್ಡ್ ಅವರೂ ಬಾಗಿಲಲ್ಲಿ ನಿಂತಿದ್ದರು. ಲೆಲ್ಯಾಂಡ್ ಅವರು ಹೆಬ್ಬೆರಳನ್ನು ಐಸಿನ ಬಕೆಟ್ಟಿನಲ್ಲಿ ಇಟ್ಟುಕೊಂಡಿದ್ದರು.

"ಯಾರ್ದಪ್ಪಾ ತಪ್ಪು?" ಎಂದು ದಾಖಲೆಗಾರರು ಕೇಳಿದರು.

"ನಂದೇ. ಅದೇನ್ ದೊಡ್ಡ ವಿಚಾರಣೆ," ಎಂದರು ಲೆಲ್ಯಾಂಡ್.

"ಹುಡುಗ ತಪ್ಪು ಓದ್ಕೊಂಡ ಅನ್ಸಿತ್ತು."

"ಅವ್ನಿಗೆ ಓದೋಕ್ ಬರಲ್ಲ ಬಿಡಿ, ಆದ್ರೆ ಇದು ನಂದು. ಬರ್ಕೊಳ್ಳಿ."

ಬರಹಗಾರ ನಾಲ್ಕು ಹೆಜ್ಜೆ ದೂರದಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದ. ಬಾಯಿ ತೆರೆಯಲಿಲ್ಲ. ಬಿಚ್ಚಿದ ದಾರವನ್ನು ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ.

ಮಂಗಳವಾರ ಕ್ವಿಗ್ಲಿಯವರನ್ನು ಮೇಲಕ್ಕೆ ಕರೆದರು. ಬರಹಗಾರ ತಂಡದಲ್ಲಿ ಉಳಿದ. ಮರುವರ್ಷ ಅವನೇ ಮೇಲಕ್ಕೆ ಹೋಗಿ ದೊಡ್ಡ ಲೀಗಿನಲ್ಲಿ ಅರವತ್ತೊಂದು ಪಂದ್ಯ ಆಡಿದ. ಲೆಲ್ಯಾಂಡ್ ಅವರ ಮುರಿದಿದ್ದ ಹೆಬ್ಬೆರಳು ಕೂಡಿತು, ಸೊಟ್ಟಗೆ. ಮೂರು ವರ್ಷಗಳ ನಂತರ, ಮೂವತ್ತರ ಪ್ರಾಯದಲ್ಲಿ, ಅವರಿಗೂ ಕರೆ ಬಂದು ಹತ್ತೊಂಬತ್ತು ದಿನ ದೊಡ್ಡ ಲೀಗಿನಲ್ಲಿದ್ದರು. ಒಂಬತ್ತು ಪಂದ್ಯ, ನಾಲ್ಕು ಹಿಟ್. ೧೯೮೮ರಲ್ಲಿ ಕವಚ ಕಳಚಿಟ್ಟು ಅದೇ ಕ್ಲಬ್ಬಿನ ಕ್ಯಾಚರುಗಳ ಶಿಕ್ಷಕರಾದರು. ಅವರ ಕೈಯಲ್ಲಿ ಪಳಗಿದವರಲ್ಲಿ ಹನ್ನೊಂದು ಮಂದಿ ದೊಡ್ಡ ಲೀಗು ಸೇರಿದ್ದಾರೆ. ಅವರ ಬಗ್ಗೆ ಈ ಸಂಪುಟದಲ್ಲಿ ಬೇರೆಯವರು ಹೆಚ್ಚು ಅಧಿಕಾರದಿಂದ ಬರೆದಿದ್ದಾರೆ.

ಈ ವರ್ಷದ ಮಾರ್ಚಿನಲ್ಲಿ ಬರಹಗಾರ ಲೀಗಿನ ಕಚೇರಿಗೆ ಪತ್ರ ಬರೆದು, ಆ ನಮೂದನ್ನು ತಿದ್ದಿ ತಪ್ಪನ್ನು ತನ್ನ ಹೆಸರಿಗೆ ಹಾಕಬೇಕೆಂದು ಕೋರಿದ. ಪಂದ್ಯದ ಮರುದಿನದೊಳಗೆ ಕೋರಿದ್ದರೆ ಪರಿಶೀಲಿಸಬಹುದಿತ್ತು ಎಂದು ಸಭ್ಯವಾದ ಉತ್ತರ ಬಂತು. ತಡವಾದದ್ದು ಮೂವತ್ತೈದು ವರ್ಷ ಮತ್ತು ಕೆಲವು ತಿಂಗಳು. ಹಾಗಾಗಿ ಅಚ್ಚಿನಲ್ಲಿ ಅದನ್ನು ಸರಿಪಡಿಸಲು ಈ ಸಂಪುಟವೊಂದೇ ಉಳಿಯಿತು. ಆದರೆ ಒಬ್ಬರು ಹೊಟ್ಟೆಗೆ ಹಾಕಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಳೆಯುವುದು ಉಚಿತವೇ ಎಂಬ ಅನುಮಾನ ಕಾಡಿತು. ಮೇ ತಿಂಗಳ ಒಂದು ಬೆಳಗ್ಗೆ, ಮೇಲಿನ ಪುಟಗಳನ್ನು ಹಿಡಿದು ಬರಹಗಾರ ಅವರ ಮನೆಗೆ ಹೋದ.

ಶ್ರೀಮತಿ ವೆರ್ನಾ ವೊದಿಚ್ಕಾ ಅವರು ಗಸಗಸೆ ತುಂಬಿದ ಕೊಲಾಚೆ ಎಂಬ ಚೆಕ್ ಸಿಹಿ ಬನ್ನುಗಳನ್ನು ಒಲೆಯಿಂದ ತೆಗೆಯುತ್ತಿದ್ದರು. ಲೆಲ್ಯಾಂಡ್ ಅವರು ಅಡುಗೆಮನೆಯ ಮೇಜಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದರು. ಒಂದು ಕಡೆ ಬೆರಳಿಟ್ಟು ಎರಡು ಸಲ ಓದಿದರು.

"ಎಮೆರಿ, ಬರವಣಿಗೆ ಚೆನ್ನಾಗಿದೆ. ಸಾಲು ಸ್ವಲ್ಪ ಉದ್ದ. ಆದ್ರೆ ನೀನು ಆವಾಗ್ಲೂ ತಪ್ಪು ಎಣಿಸ್ದೆ, ಈಗ್ಲೂ ತಪ್ಪು ಎಣಿಸಿದೀಯ."

"ಎಲ್ಲಿ ಸರ್?"

"ತಪ್ಪು ಒಂದೇ ಅಂತ ಬರ್ದಿದೀಯಲ್ಲ. ಎರಡಿತ್ತು." ಅವರು ಕನ್ನಡಕ ತೆಗೆದರು. "ನಾನು ಮೂರನೇದು ತೋರಿಸೋಕ್ ಮುಂಚೇನೇ ನೀನು ತಲೆಯಾಡ್ಸಿದೆ. ಎರಡನೇದಕ್ಕೇ. ನಾನು ನೋಡ್ದೆ. ಔಟ್ ಎಣಿಕೆ ತಪ್ಪಿದಾನೆ ಅಂತ ಅಲ್ಲೇ ಗೊತ್ತಾಯ್ತು."

ಬರಹಗಾರ ಪುಟಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡು ಆ ಸಾಲನ್ನು ಹುಡುಕಿದ. ಲೆಲ್ಯಾಂಡ್ ಅವರು ಮುಂದುವರಿಸಿದರು.

"ಆಟ ನಿಲ್ಲಿಸಿ ಅಂತ ಗಾರ್ಲೆಂಡ್‌ಗೆ ಒಂದ್ ಮಾತು ಹೇಳಿ ನಡ್ಕೊಂಡ್ ಬರ್ಬೇಕಿತ್ತು. ಅರವತ್ತಡಿ. ಆದ್ರೆ ಆವತ್ತು ಬೆಳಗ್ಗೆ ಬ್ರಾಂಡ್‌ವೋಲ್ಡ್ ನನ್ನ ಕರ್ದು ಹೇಳಿದ್ದ, 'ನೀನು ಮಾತೆತ್ತಿದ್ರೆ ದಿಬ್ಬಕ್ಕೆ ಹೋಗ್ತೀಯ, ಮೇಲ್ಗಡೆ ಅದು ನಡೆಯಲ್ಲ' ಅಂತ. ಆ ಇನ್ನಿಂಗಲ್ಲಿ ಆಗ್ಲೇ ಒಂದ್ಸಲ ಹೋಗಿದ್ದೆ. ಅವ್ನು ಹಿಂದೆ ಕೂತಿದಾನೆ. ಇನ್ನೊಂದ್ಸಲ ಎದ್ರೆ ನನ್ ಕಥೆ ಮುಗೀತು ಅನ್ಕೊಂಡು ಕೂತೇ ಇದ್ದೆ. ಮೂರನೇದನ್ನೂ ನೋಡಿರ್ತೀಯೇನೋ ಅನ್ನೋ ಆಸೇಲಿ ಕೈ ಹೊರಗೇ ಇಟ್ಟೆ, ಇಲ್ದಿದ್ರೂ ಹೇಗೋ ಹಿಡಿದ್ಬಿಡ್ತೀನಿ ಅಂತ." ಕನ್ನಡಕದಿಂದ ಪುಟಗಳನ್ನು ತೋರಿಸಿ ಹೇಳಿದರು: "ನಿನ್ನ ಉಳ್ಸೋಕೆ ಸುಳ್ಳು ಹೇಳ್ದೆ ಅನ್ನೋ ಹಾಗೆ ನೀನು ಬರ್ದಿದೀಯ. ನಾನು ಸುಳ್ಳು ಹೇಳಿಲ್ಲ ಕಣೋ. ಆ ಚೆಂಡು ನಂದೇ."

"ಇದನ್ನ ನಂಗೆ ಯಾವತ್ತೂ ಹೇಳ್ಲಿಲ್ಲ ನೀವು," ಎಂದರು ವೆರ್ನಾ ಅವರು, ತಟ್ಟೆ ಕೈಯಲ್ಲೇ ಇತ್ತು. "ನಾಲ್ಕು ದಿನಕ್ಕೊಂದ್ಸಲ ಎಮೆರಿ ಪಾಪ ಅಂತಿದ್ರಿ. ನಾನೇನೋ ಅವ್ನಿಗೆ ಕಾಯ್ಲೆ ಅಂದ್ಕೊಂಡಿದ್ದೆ."

"ಅದೂ ಇದೆ," ಎಂದರು ಲೆಲ್ಯಾಂಡ್.

ಬರಹಗಾರ ವಾದಿಸಿದ. ಎಣಿಕೆ ತಪ್ಪದಿದ್ದರೆ ನಡೆದು ಬರುವ ಪ್ರಶ್ನೆಯೇ ಇರಲಿಲ್ಲ ಎಂದ. ಎಣಿಕೆ ತಪ್ಪುವುದು ಪಿಚರುಗಳ ಹುಟ್ಟುಗುಣ, ಅದಕ್ಕೇ ಕ್ಯಾಚರ್ ಇರುವುದು ಎಂದರು ಅವರು. ಬಾಯಿ ತೆರೆಯದೆ ಕೂತವನ ತಪ್ಪು ಮೂರನೆಯದಲ್ಲವೇ ಎಂದು ಬರಹಗಾರ ಕೇಳಿದಾಗ ಅವರು ಯೋಚಿಸಿ, "ಹ್ಞಾ, ಅದು ನಿಂದು. ಅದನ್ನ ಇಟ್ಕೋ," ಎಂದರು. ಬಿಸಿ ಕೊಲಾಚೆಯೊಂದನ್ನು ಇತ್ತ ಸರಿಸಿದರು.

ಮಧ್ಯಾಹ್ನದವರೆಗೂ ಅದು ತೀರ್ಮಾನವಾಗಲಿಲ್ಲ. ಹೊರಡುವಾಗ, ಎರಡು ಪಕ್ಷವನ್ನೂ ಇದ್ದ ಹಾಗೆ ಬರೆಯಲು ಅವರು ಅನುಮತಿ ಕೊಟ್ಟರು. ಅದರಂತೆ ಇಲ್ಲಿ ಬರೆಯಲಾಗಿದೆ. ಮೇಲಿನ ಪುಟಗಳಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ. ತಿದ್ದುಪಡಿಯೆಂದು ಹೊರಟದ್ದು ತಿದ್ದುಪಡಿಯಾಗಿ ಉಳಿದಿಲ್ಲವೆಂಬ ಅರಿವು ಬರಹಗಾರನಿಗಿದೆ, ಸಮಿತಿಯವರು ಕ್ಷಮಿಸಬೇಕು.

ನಿವೃತ್ತಿಯ ನಂತರ ಶ್ರೀ ವೊದಿಚ್ಕಾ ಅವರು ಊರಿನ ಪ್ರೌಢಶಾಲೆಯಲ್ಲಿ ವಾರಕ್ಕೆ ಮೂರು ದಿನ ಕ್ಯಾಚರುಗಳಿಗೆ ಕಲಿಸಲಿದ್ದಾರೆ. ಆ ಸೊಟ್ಟ ಹೆಬ್ಬೆರಳಿಗೂ ಸವೆದ ಮೊಣಕಾಲುಗಳಿಗೂ ಅದಕ್ಕೆ ಬೇಕಾದ ಬಲ ಇರಲಿ. ಅವರಿಗೂ ವೆರ್ನಾ ಅವರಿಗೂ ದೀರ್ಘವಾದ, ನೋವು ಕಡಿಮೆಯಾದ ಆಯುಷ್ಯ ದೊರೆಯಲಿ. ಆ ಭಾನುವಾರದ ಚೆಂಡು ಯಾರದೆಂಬ ವಾದವನ್ನು ಮುಂದುವರಿಸಲು ಬರಹಗಾರ ಪ್ರತಿ ತಿಂಗಳ ಮೊದಲ ಶನಿವಾರ ಅವರ ಮನೆಗೆ ಹೋಗುವುದೆಂದು ಗೊತ್ತಾಗಿದೆ. ಅದು ಇನ್ನು ಇಪ್ಪತ್ತು ವರ್ಷವಾದರೂ ತೀರದಿರಲಿ ಎಂದು ಅವನ ಪ್ರಾರ್ಥನೆ.